ಬೆಳಗಾವಿಯ ಫಡೆಪ್ಪ ಚೌಗುಲೆ ತಯಾರಿಯೇ ಇಲ್ಲದೆ ಮ್ಯಾರಥಾನ್ ಓಡಿದರೇ?

ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಿಂದ ಓದುಗರೊಬ್ಬರು ನಮಗೊಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಕಳಿಸಿದ್ದಾರೆ. ನೂರು ವರ್ಷಗಳ ಹಿಂದೆ ಬೆಳಗಾವಿಯ ಹುಡುಗನೊಬ್ಬ ಬೂಟು, ಕೋಚ್, ಪ್ರೋಟೀನ್ ಪೌಡರ್ ಯಾವುದೂ ಇಲ್ಲದೆ ಬರೀ ರೊಟ್ಟಿ ತಿಂದು, ಛಲವೊಂದರಿಂದಲೇ ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಮುಗಿಸಿದ. ಈಗಿನವರಿಗೆ ಎರಡು ಕಿಲೋಮೀಟರ್ ಓಡಿದರೆ ಕಾಲುನೋವು. ಇದು ಅದರ ಸಾರ. ಜೊತೆಗೆ ಒಂದು ಪ್ರಶ್ನೆಯೂ ಇತ್ತು. ಅವರ ತಮ್ಮ ಪೊಲೀಸ್ ಪೇದೆ ಹುದ್ದೆಗೆ ತಯಾರಾಗುತ್ತಿದ್ದಾನೆ, ಹಾಗೆಯೇ ಮೊದಲ ಬಾರಿಗೆ ಮ್ಯಾರಥಾನ್‌ಗೂ ಹೆಸರು ಕೊಟ್ಟಿದ್ದಾನೆ. ನಾಲ್ಕು ವಾರದಿಂದ ದಿನಾ ನಸುಕಿನಲ್ಲಿ ಓಡುತ್ತಿದ್ದಾನೆ. ಈಗ ಎಡಗಾಲಿನ ಮೊಣಕಾಲ ಕೆಳಗಿನ ಎಲುಬು ನೋಯುತ್ತಿದೆ. ಈ ಫಾರ್ವರ್ಡ್ ಓದಿದ ಮೇಲೆ ನೋವಿನಲ್ಲೇ ಓಡಿ ಕಾಲು ಪಳಗಿಸುತ್ತೇನೆ ಎನ್ನುತ್ತಿದ್ದಾನಂತೆ.

ಮೊದಲು ಆ ಹುಡುಗನ ಕಥೆ ನೋಡೋಣ. ಕಥೆ ಕಟ್ಟಿದ್ದಲ್ಲ, ಆತ ನಿಜವಾಗಿ ಇದ್ದವರು. ಹೆಸರು ಫಡೆಪ್ಪ ದರೆಪ್ಪ ಚೌಗುಲೆ, ಹುಟ್ಟಿದ್ದು 1902ರಲ್ಲಿ, ಊರು ಬೆಳಗಾವಿ. ಆಗ ಬೆಳಗಾವಿಯೂ ರಾಣೇಬೆನ್ನೂರೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು; ಕಚೇರಿಯ ಕೆಲಸವಾಗಲಿ ಆಟೋಟವಾಗಲಿ, ಎಲ್ಲದಕ್ಕೂ ಮುಖ ಪುಣೆ, ಮುಂಬಯಿಯ ಕಡೆಗೇ. ಅವರಿಗೆ ಹದಿನಾರು ವರ್ಷವಾಗಿದ್ದಾಗ, 1918ರಲ್ಲಿ, ಇನ್‌ಫ್ಲುಯೆಂಜಾ ಈ ಪ್ರಾಂತ್ಯದ ಹಳ್ಳಿಹಳ್ಳಿಗಳನ್ನೇ ಬರಿದು ಮಾಡಿತ್ತು. ಅದಾಗಿ ಎರಡೇ ವರ್ಷಕ್ಕೆ ಅವರು ಒಲಿಂಪಿಕ್ಸ್‌ನಲ್ಲಿ ಓಡಿದರು.

ಆ ದಾರಿ ತೆರೆದದ್ದು ಪುಣೆಯ ಡೆಕ್ಕನ್ ಜಿಮ್ಖಾನಾ. 1919ರಲ್ಲಿ ಅಲ್ಲಿನ ಕ್ರೀಡಾಕೂಟಕ್ಕೆ ಅಧ್ಯಕ್ಷರಾಗಿದ್ದವರು ಉದ್ಯಮಿ ಸರ್ ದೊರಾಬ್ಜಿ ಟಾಟಾ. ಓಡಲು ಬಂದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ಹುಡುಗರು. ಬರಿಗಾಲು, ಸಾಧಾರಣ ಊಟ, ಯುರೋಪಿನ ನಿಯಮಗಳ ಪರಿಚಯವೇ ಇಲ್ಲ. ಆದರೂ ದೂರದ ಓಟಗಳಲ್ಲಿ ಅವರು ತೆಗೆದುಕೊಂಡ ಸಮಯ ಯುರೋಪಿನವರ ಸಮಯಕ್ಕೆ ಹತ್ತಿರ ಇತ್ತು. ಇದನ್ನು ಕಂಡ ಟಾಟಾ, ಭಾರತವನ್ನು ಒಲಿಂಪಿಕ್ಸ್‌ಗೆ ಸೇರಿಸಬೇಕೆಂದು ಮುಂಬಯಿ ಗವರ್ನರ್ ಮೂಲಕ ಪ್ರಯತ್ನಿಸಿದರು. ಒಪ್ಪಿಗೆ ಸಿಕ್ಕಿತು. 1920ರಲ್ಲಿ ಪುಣೆಯಲ್ಲಿ ಆಯ್ಕೆಯ ಓಟಗಳು ನಡೆದು ಆರು ಮಂದಿ ಆಯ್ಕೆಯಾದರು: ನಾಲ್ವರು ಓಟಗಾರರು, ಇಬ್ಬರು ಕುಸ್ತಿ ಪೈಲ್ವಾನರು. ಹಣಕ್ಕೆ ಟಾಟಾ ತಮ್ಮ ಜೇಬಿನಿಂದ ಕೊಟ್ಟರು, ಸರ್ಕಾರ ಸ್ವಲ್ಪ ಕೊಟ್ಟಿತು, ಜನರಿಂದಲೂ ಚಂದಾ ಎತ್ತಲಾಯಿತು.

ಫಾರ್ವರ್ಡ್ ಮೊದಲು ಎಡವುವುದು ಇಲ್ಲಿ. ಚೌಗುಲೆ ನೇರ ಹೊಲದಿಂದ ಎದ್ದು ಹೋಗಿ ಒಲಿಂಪಿಕ್ಸ್‌ನಲ್ಲಿ ಓಡಲಿಲ್ಲ. ಆಯ್ಕೆಯ ಓಟಗಳಲ್ಲಿ ಗೆದ್ದು ಬಂದವರು ಅವರು. ಆಮೇಲೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು. ತಂಡಕ್ಕೆ ಲಂಡನ್‌ನಲ್ಲಿ ತರಬೇತುದಾರರ ಕೈಕೆಳಗೆ ಕೆಲವು ವಾರ ಅಭ್ಯಾಸ ಆಯಿತು. ಮ್ಯಾನೇಜರ್ ಕೂಡ ಜೊತೆಗಿದ್ದರು. ಕೋಚ್ ಇರಲಿಲ್ಲ ಎನ್ನುವ ಮಾತು ಹಾಗಾಗಿ ಸುಳ್ಳು. ಇನ್ನು ಸಮುದ್ರ ಪ್ರಯಾಣದ ವಾರಗಳಲ್ಲಿ ಯಾರೂ ಇಪ್ಪತ್ತು ಮೈಲಿ ಓಡಲು ಬರುವುದಿಲ್ಲ. ಬಯಸಿಯೋ ಬಯಸದೆಯೋ, ಕಾಲಿಗೆ ಬಿಡುವು ಸಿಕ್ಕಿತು.

ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಚೌಗುಲೆ 10,000 ಮೀಟರ್ ಓಟದಲ್ಲೂ ಇಳಿದರು, ಫೈನಲ್ ತಲುಪಲಿಲ್ಲ. ಅದಾದ ಕೆಲವೇ ದಿನಕ್ಕೆ, 1920ರ ಆಗಸ್ಟ್ 22ರಂದು, ಮ್ಯಾರಥಾನ್. ಈಗ ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಆಂಟ್‌ವರ್ಪ್‌ನಲ್ಲಿ ಹಾಕಿದ ದಾರಿ 42.75 ಕಿಲೋಮೀಟರ್ ಇತ್ತು. ಒಲಿಂಪಿಕ್ಸ್ ಇತಿಹಾಸದಲ್ಲೇ ಅಷ್ಟು ಉದ್ದದ ಮ್ಯಾರಥಾನ್ ಬೇರೊಂದಿಲ್ಲ. ತಂಪು ಹವೆ, ಮಳೆ. ಓಟ ಆರಂಭಿಸಿದವರು 48 ಮಂದಿ, ಅವರಲ್ಲಿ ಹತ್ತಕ್ಕೂ ಹೆಚ್ಚು ಜನ ಗುರಿ ಮುಟ್ಟಲಿಲ್ಲ. ಚೌಗುಲೆಯ ಜೊತೆ ಓಡಿದ ಇನ್ನೊಬ್ಬ ಭಾರತೀಯ ಸದಾಶಿವ ದಾತಾರ್ ಕೂಡ ಅರ್ಧಕ್ಕೇ ಬಿಡಬೇಕಾಯಿತು. ಫಿನ್ಲೆಂಡಿನ ಹಾನ್ನೆಸ್ ಕೋಲೆಮೈನೆನ್ 2 ಗಂಟೆ 32 ನಿಮಿಷ 35 ಸೆಕೆಂಡಿನಲ್ಲಿ ಗೆದ್ದರು. ಬೆಳಗಾವಿಯ ಹದಿನೆಂಟರ ಹುಡುಗ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಹತ್ತೊಂಬತ್ತನೆಯವರಾಗಿ ಓಟ ಮುಗಿಸಿದರು.

ಈ ಅಂಕಿ ನಮ್ಮ ಹುಡುಗರಿಗೆ ಅರ್ಥವಾಗುವಂತೆ ಹೇಳುತ್ತೇವೆ. ಕರ್ನಾಟಕದಲ್ಲಿ ಪೇದೆ ಹುದ್ದೆಗೆ ಪುರುಷರು 1,600 ಮೀಟರ್ ಅನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಚೌಗುಲೆ ಓಡಿದ್ದು ಕಿಲೋಮೀಟರಿಗೆ ಸುಮಾರು ನಾಲ್ಕು ನಿಮಿಷದ ಲೆಕ್ಕದಲ್ಲಿ. ಅಂದರೆ ಪೇದೆ ಪರೀಕ್ಷೆಯ ಓಟವನ್ನು, ಅದಕ್ಕಿಂತ ಒಂದಿಷ್ಟು ಬೇಗನೆ, ನಡುವೆ ಎಲ್ಲೂ ನಿಲ್ಲದೆ 26 ಸಲಕ್ಕಿಂತ ಹೆಚ್ಚು ಓಡಿದಂತಾಯಿತು. ನಾವು ಈ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದೆವು, ನಂಬಲು ಅಷ್ಟು ಕಷ್ಟವಾಗಿತ್ತು.

ಇಂಥ ಕಾಲು ನಾಲ್ಕು ವಾರದಲ್ಲಿ ಬರುವುದಿಲ್ಲ ಎನ್ನುವುದೇ ಈ ಕಥೆಯಲ್ಲಿ ಫಾರ್ವರ್ಡ್ ಮುಚ್ಚಿಟ್ಟ ಭಾಗ. ಓಡಲು ಶುರು ಮಾಡಿದರೆ ಉಸಿರು, ಹೃದಯ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಮೊದಲ ದಿನ ಏದುಸಿರು ಬಿಟ್ಟವನು ತಿಂಗಳೊಳಗೆ ಆರಾಮಾಗಿ ಐದು ಕಿಲೋಮೀಟರ್ ಓಡುತ್ತಾನೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳಿಗೂ ಮೂಳೆಗೂ ಅದೇ ಕೆಲಸಕ್ಕೆ ತಿಂಗಳುಗಳು ಬೇಕು. ಮೂಳೆಯ ವಿಷಯ ಇನ್ನೂ ಸೂಕ್ಷ್ಮ. ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯನ್ನು ಕೆರೆದು ತೆಗೆಯುತ್ತದೆ, ಆಮೇಲೆ ಆ ಜಾಗದಲ್ಲಿ ಹೊಸದನ್ನು ತುಂಬುತ್ತದೆ. ಮನೆ ರಿಪೇರಿಗೆ ಗೋಡೆ ಒಡೆದು ಇನ್ನೂ ಕಟ್ಟದೆ ಬಿಟ್ಟ ಹಾಗೆ, ನಡುವಿನ ಕೆಲವು ವಾರ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಉಸಿರು ಸರಿಹೋಯಿತು ಎಂದು ಹುರುಪಿನಲ್ಲಿ ವೇಗ, ದೂರ ಎರಡನ್ನೂ ಏರಿಸುವುದು ಸಾಮಾನ್ಯವಾಗಿ ಇದೇ ವಾರಗಳಲ್ಲಿ. ಸಣ್ಣ ಬಿರುಕು ಬೀಳುವುದೂ ಆಗಲೇ. ಇದಕ್ಕೆ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಸೈನ್ಯಕ್ಕೆ ಸೇರಿದ ಹೊಸಬರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಪಾದದ ಮೂಳೆಯ ಇಂಥ ಬಿರುಕಿಗೆ ಮಾರ್ಚ್ ಫ್ರ್ಯಾಕ್ಚರ್ ಎಂಬ ಹೆಸರೇ ಬಿದ್ದಿದೆ.

ಹಾಗಾದರೆ ಬರಿಗಾಲಿನ ಮಾತು? ಇದು ಅರೆಸತ್ಯ. ಪುಣೆಯ ಕೂಟದಲ್ಲಿ ಟಾಟಾ ಕಂಡವರು ಬರಿಗಾಲಲ್ಲಿ ಓಡಿದ್ದು ನಿಜ. ನಡೆಯಲು ಕಲಿತಂದಿನಿಂದ ಎರೆಹೊಲದಲ್ಲಿ, ಬಂಡಿದಾರಿಯಲ್ಲಿ ಬರಿಗಾಲಲ್ಲೇ ತಿರುಗಿದವರ ಪಾದ ಹದಿನೈದು ವರ್ಷ ತಯಾರಿ ಮಾಡಿಕೊಂಡಿರುತ್ತದೆ. ಬರಿಗಾಲಲ್ಲಿ ಓಡುವಾಗ ಅನೇಕರು ಹಿಮ್ಮಡಿ ಊರದೆ ಪಾದದ ಮುಂಭಾಗ ಊರುತ್ತಾರೆ. ಆಗ ಮೊಣಕಾಲಿನ ಹೊರೆ ಕಡಿಮೆಯಾಗಿ ಮೀನಖಂಡಕ್ಕೂ ಪಾದದ ಮೂಳೆಗಳಿಗೂ ಹೆಚ್ಚುತ್ತದೆ. ಹೊರೆ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಬೂಟು ಹಾಕಿ ಓಡುತ್ತಿದ್ದ ದೊಡ್ಡವರನ್ನು ಹತ್ತು ವಾರದಲ್ಲಿ ಬರಿಗಾಲಿನಂಥ ತೆಳು ಬೂಟಿಗೆ ಬದಲಿಸಿದ ಅಮೆರಿಕದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಬದಲಿಸಿದ 19 ಮಂದಿಯಲ್ಲಿ 10 ಜನರ ಪಾದದ ಮೂಳೆಯೊಳಗೆ ಊತ ಹೆಚ್ಚಿದ್ದು ಸ್ಕ್ಯಾನ್‌ನಲ್ಲಿ ಕಂಡಿತು. ಆದ್ದರಿಂದ ಫಾರ್ವರ್ಡ್ ನೋಡಿ ನಾಳೆಯೇ ಬೂಟು ಬಿಸಾಡಬೇಡಿ. ಹಾಗೆಂದು ಹತ್ತು ಸಾವಿರದ ಬೂಟೂ ಬೇಕಿಲ್ಲ. ಕಾಲಿಗೆ ಸರಿಯಾಗಿ ಕೂರುವ, ಓಡಿದಾಗ ಕಚ್ಚದ ಬೂಟು ಸಾಕು.

ಚೌಗುಲೆಯ ಕಾಲದಲ್ಲಿ ತಪ್ಪು ನಂಬಿಕೆಗಳೇನೂ ಕಡಿಮೆ ಇರಲಿಲ್ಲ. ಅವರಿಗಿಂತ ಎಂಟು ವರ್ಷ ಮೊದಲು, 1912ರ ಸ್ಟಾಕ್‌ಹೋಮ್ ಮ್ಯಾರಥಾನ್‌ನಲ್ಲಿ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಾಜಾರೊ ಸುಡುಬಿಸಿಲಲ್ಲಿ ಕುಸಿದು ಬಿದ್ದು ಮರುದಿನ ಸತ್ತರು. ಅವರು ಮೈಗೆಲ್ಲ ಕೊಬ್ಬಿನಂಥ ಜಿಡ್ಡು ಬಳಿದುಕೊಂಡಿದ್ದರು, ಬೆವರು ಹೊರಬರದಂತಾಗಿತ್ತು. ಓಡುವಾಗ ನೀರು ಕುಡಿಯಬಾರದು ಎಂಬ ನಂಬಿಕೆಯೂ ಆಗ ಬಲವಾಗಿತ್ತು. ಅದು ಇಂದಿಗೂ ನಮ್ಮ ಮೈದಾನಗಳಲ್ಲಿ ಕೇಳಿಬರುತ್ತದೆ. ಬಾಯಾರಿದರೆ ಕುಡಿಯಿರಿ, ಬಾಯಾರದಿದ್ದರೂ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ಅದೂ ಜೀವಕ್ಕೆ ಕುತ್ತು. ಆಂಟ್‌ವರ್ಪ್‌ನ ಮಳೆ ಚೌಗುಲೆಗೆ ಮಾಡಿದ ಉಪಕಾರವನ್ನು ಹಾವೇರಿಯ ಏಪ್ರಿಲ್ ಬಿಸಿಲು ಯಾರಿಗೂ ಮಾಡುವುದಿಲ್ಲ. ಆ ದಿನಗಳಲ್ಲಿ ಹೊತ್ತು ಏರುವ ಮೊದಲೇ ಓಟ ಮುಗಿಸಬೇಕು.

ವಾರಕ್ಕೆ ಶೇಕಡಾ 10ರಷ್ಟೇ ಹೆಚ್ಚಿಸಿ ಎಂಬ ಸೂತ್ರವನ್ನು ನೀವು ಕೇಳಿರುತ್ತೀರಿ. ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೀಗೆ ನಿಧಾನವಾಗಿ ಏರುವ 13 ವಾರಗಳ ಅಭ್ಯಾಸ, ಇನ್ನೊಂದಕ್ಕೆ 8 ವಾರಗಳದ್ದು ಕೊಟ್ಟು ನೋಡಿದರು. ಎರಡರಲ್ಲೂ ಐವರಲ್ಲಿ ಒಬ್ಬರಿಗೆ ಗಾಯವಾಯಿತು. 2025ರಲ್ಲಿ ಪ್ರಕಟವಾದ, 5,200ಕ್ಕೂ ಹೆಚ್ಚು ಓಟಗಾರರ ವಾಚಿನ ದಾಖಲೆ ನೋಡಿದ ಅಧ್ಯಯನ ಬೇರೊಂದು ಕಡೆ ಬೆರಳು ತೋರಿಸಿತು: ವಾರದ ಒಟ್ಟು ದೂರಕ್ಕಿಂತ ಒಂದೇ ದಿನದ ದುಡುಕು ಅಪಾಯ. ಹಿಂದಿನ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇಕಡಾ 10ಕ್ಕೂ ಹೆಚ್ಚು ದೂರವನ್ನು ಒಂದೇ ಸಲಕ್ಕೆ ಓಡಿದವರಿಗೆ ಗಾಯ ಹೆಚ್ಚಾಯಿತು. ಹತ್ತು ಕಿಲೋಮೀಟರ್ ನಿಮ್ಮ ಗರಿಷ್ಠವಾಗಿದ್ದರೆ ಭಾನುವಾರ ಗೆಳೆಯರ ಜೊತೆ ಸೇರಿ ಹದಿನೆಂಟು ಓಡುವುದು ಬೇಡ.

ಮೊದಲ ಮ್ಯಾರಥಾನ್‌ಗೆ, ಈಗಾಗಲೇ ಐದಾರು ಕಿಲೋಮೀಟರ್ ಸಲೀಸಾಗಿ ಓಡುವವರೂ ನಾಲ್ಕೈದು ತಿಂಗಳು ಇಟ್ಟುಕೊಳ್ಳುವುದು ಒಳ್ಳೆಯದು. ವಾರಕ್ಕೆ ಮೂರ್ನಾಲ್ಕು ದಿನ ಓಟ, ಅದರಲ್ಲಿ ಒಂದು ಉದ್ದದ್ದು. ಹೆಚ್ಚಿನವು ಪಕ್ಕದವರ ಜೊತೆ ಮಾತಾಡುತ್ತ ಓಡುವಷ್ಟು ನಿಧಾನ ಇರಲಿ. ನಡುವಿನ ದಿನ ಬಸ್ಕಿ, ತುದಿಗಾಲಲ್ಲಿ ಏರಿ ಇಳಿಯುವ ವ್ಯಾಯಾಮ. ಓಡುವ ಮೊದಲು ನಿಂತಲ್ಲೇ ಕಾಲು ಎಳೆದು ಹಿಡಿಯುವುದರಿಂದ ಗಾಯ ತಪ್ಪುತ್ತದೆ ಎನ್ನಲು ಬಲವಾದ ಪುರಾವೆ ಇಲ್ಲ, ಹತ್ತು ನಿಮಿಷ ಬಿರುಸಾಗಿ ನಡೆದು ಶುರು ಮಾಡಿ. ಹೊಟ್ಟೆ ತುಂಬ ಉಣ್ಣಿ. ತೂಕ ಇಳಿಸಲು ಊಟ ಬಿಟ್ಟು ಓಡುವ ಹುಡುಗಿಯರಿಗೆ ತಿಂಗಳ ಮುಟ್ಟು ನಿಂತರೆ ಅದು ಮೂಳೆ ಸೊರಗುತ್ತಿರುವ ಸೂಚನೆ, ವೈದ್ಯರಿಗೆ ತೋರಿಸಲೇಬೇಕು. ಓಡುವಾಗ ಎದೆನೋವು, ತಲೆಸುತ್ತು ಬಂದವರೂ, ಮನೆಯಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ತೀರಿಕೊಂಡಿದ್ದರೆ ಅವರೂ ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು.

ಚೌಗುಲೆ ಪದಕವಿಲ್ಲದೆ ಮರಳಿದರು. ಟಾಟಾ 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಮೊದಲ ಅಧ್ಯಕ್ಷರಾದರು, ಮರುವರ್ಷವೇ ಹಾಕಿ ತಂಡ ಚಿನ್ನ ತಂದಿತು. ದೇಶದ ಕಣ್ಣೆಲ್ಲ ಹಾಕಿಯತ್ತ ತಿರುಗಿತು. ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಭಾರತೀಯನ ಹೆಸರು ಬೆಳಗಾವಿಯ ಆಚೆ ಹೆಚ್ಚು ಜನಕ್ಕೆ ತಿಳಿಯಲಿಲ್ಲ. ಆ ಮಟ್ಟಿಗೆ ಈ ಫಾರ್ವರ್ಡ್ ಹೆಸರನ್ನಾದರೂ ನೆನಪಿಸಿತು ಎಂದು ಒಪ್ಪಿಕೊಳ್ಳುತ್ತೇವೆ.

ಈಗ ಕುಪ್ಪೇಲೂರಿನ ತಮ್ಮನ ಕಾಲು. ಎಲುಬಿನ ಉದ್ದಕ್ಕೂ ಹರಡಿದ, ಓಡುತ್ತ ಬಿಸಿಯಾದ ಮೇಲೆ ಕಡಿಮೆಯಾಗುವ ನೋವಾದರೆ ಓಟ ಇಳಿಸಿ ಒಂದೆರಡು ವಾರ ಸೈಕಲ್ ಹೊಡೆದರೆ ಸಾಮಾನ್ಯವಾಗಿ ಶಮನವಾಗುತ್ತದೆ. ಒಂದೇ ಬೆರಳಿಟ್ಟು ಇಲ್ಲೇ ಎಂದು ತೋರಿಸುವಂತಿದ್ದರೆ, ಒಂಟಿಗಾಲಲ್ಲಿ ಜಿಗಿದಾಗ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಇವತ್ತೇ ಓಟ ನಿಲ್ಲಿಸಿ ಮೂಳೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್-ರೇಯಲ್ಲಿ ಕಾಣದೇ ಇರಬಹುದು. ಎಕ್ಸ್-ರೇ ಸರಿಯಿದೆ ಎಂದ ಮಾತ್ರಕ್ಕೆ ಮರುದಿನ ಮೈದಾನಕ್ಕೆ ಇಳಿಯಬಾರದು. ನೋವು ಹಾಗೇ ಇದ್ದರೆ ಮತ್ತೆ ತೋರಿಸಬೇಕು, ಬೇಕಾದರೆ ಎಂಆರ್‌ಐ ಮಾಡಿಸುತ್ತಾರೆ. ನೋವಿನ ಗುಳಿಗೆ ನುಂಗಿ ಓಡುವುದಂತೂ ಬೇಡವೇ ಬೇಡ. ಬೇಗ ಹಿಡಿದರೆ ಈ ಬಿರುಕು ಸಾಮಾನ್ಯವಾಗಿ ಆರೆಂಟು ವಾರಗಳ ವಿಶ್ರಾಂತಿಯಲ್ಲಿ ಕೂಡುತ್ತದೆ. ಹಾಗೇ ಓಡಿದರೆ ಎಲುಬು ಪೂರ್ತಿ ಮುರಿದು ಆಪರೇಶನ್ನಿನವರೆಗೂ ಹೋಗಬಹುದು, ಆಗ ಈ ವರ್ಷದ ನೇಮಕಾತಿಯೂ ಕೈತಪ್ಪುತ್ತದೆ. ಅವನು ಹೆಸರು ಕೊಟ್ಟ ಮ್ಯಾರಥಾನ್ ಮುಂದಿನ ವರ್ಷವೂ ನಡೆಯುತ್ತದೆ.