ಕೆ.ಆರ್. ಅಂದ್ರೆ ಯಾರು?

ನಮ್ಮ ಕನ್ನಡ ಸಂಘದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಕಡೆಯವರೇ ಜಾಸ್ತಿ. ಶನಿವಾರ ಲ್ಯಾಬ್ ಮುಗಿಸಿ ಬ್ಯಾಗ್ ಹೆಗಲಿಗೇರಿಸಿ ಊರಿನ ಬಸ್ಸು ಹಿಡಿಯೋರು. ಈ ಓಡಾಟದಲ್ಲಿ ಕೆ.ಆರ್. ಅನ್ನೋ ಎರಡಕ್ಷರ ಎಷ್ಟು ಸಲ ಕಣ್ಣಿಗೆ ಬೀಳುತ್ತೆ ಅಂತ ಒಮ್ಮೆ ಎಣಿಸಿ ನೋಡಿ. ಕೆ.ಆರ್. ಸರ್ಕಲ್, ಕೆ.ಆರ್. ಆಸ್ಪತ್ರೆ, ಕೆ.ಆರ್. ನಗರ, ಕೆ.ಆರ್.ಎಸ್. ಈ ಕೆ.ಆರ್. ಯಾರು ಅಂತ ಕೇಳಿದರೆ ಎಲ್ಲರೂ ಹೇಳ್ತಾರೆ: ನಾಲ್ವಡಿ ಕೃಷ್ಣರಾಜ ಒಡೆಯರು, ಅಣೆಕಟ್ಟು ಕಟ್ಟಿಸಿದ ಮಹಾರಾಜರು. ಅಲ್ಲಿಗೆ ಮಾತು ಮುಗಿಯುತ್ತೆ.

ಆದರೆ ಈ ಮಹಾರಾಜರಿಗೆ ಇನ್ನೊಂದು ಬದುಕಿತ್ತು. ಇವತ್ತು ನಮ್ಮ ಮೊಬೈಲ್‌ಗಳಲ್ಲಿ ಧ್ಯಾನದ ಆಪ್‌ಗಳಿವೆ, ಉಸಿರಾಟದ ವಿಡಿಯೋಗಳಿವೆ, ಒಳಗಿನ ಶಾಂತಿಗೆ ಏಳು ದಿನಗಳ ಕೋರ್ಸುಗಳಿವೆ. ಇಂಟರ್ನಲ್ಸ್ ಹತ್ತಿರ ಬಂದಾಗ ನಮ್ಮಲ್ಲಿ ಎಷ್ಟೋ ಜನ ಇವನ್ನು ತೆರೆಯುತ್ತೇವೆ, ಪರೀಕ್ಷೆ ಮುಗಿದ ಮೇಲೆ ಡಿಲೀಟ್ ಮಾಡುತ್ತೇವೆ. ಕಾರಣ ಗೊತ್ತಿರುವುದೇ. ಒಳಗಿನದು ಬೇರೆ, ಓದು ಕೆಲಸ ಬೇರೆ ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೇವೆ. ನಾಲ್ವಡಿಯವರು ಹಾಗೆ ತೀರ್ಮಾನ ಮಾಡಲಿಲ್ಲ. ಅದಕ್ಕೇ ಅವರ ಬದುಕನ್ನು ಈ ಕಡೆಯಿಂದ ಒಮ್ಮೆ ನೋಡೋಣ ಅನ್ನಿಸಿತು.

ಅವರು ಹುಟ್ಟಿದ್ದು 1884ರ ಜೂನ್ 4ರಂದು. ತಂದೆ ಹತ್ತನೇ ಚಾಮರಾಜೇಂದ್ರ ಒಡೆಯರು. 1892ರಲ್ಲಿ ಸ್ವಾಮಿ ವಿವೇಕಾನಂದರು ಮೈಸೂರಿಗೆ ಬಂದಾಗ ಅವರನ್ನು ಬರಮಾಡಿಕೊಂಡವರು ಈ ಚಾಮರಾಜೇಂದ್ರರೇ. ಆಗ ವಿವೇಕಾನಂದರು ಇನ್ನೂ ಷಿಕಾಗೋಗೆ ಹೋಗಿರಲಿಲ್ಲ, ಲೋಕಕ್ಕೆ ಅವರ ಹೆಸರೂ ಗೊತ್ತಿರಲಿಲ್ಲ. ರಾಜಕುಮಾರನಿಗೆ ಆಗ ಎಂಟು ವರ್ಷ. ಎರಡೇ ವರ್ಷದ ನಂತರ, 1894ರ ಡಿಸೆಂಬರ್ ಕೊನೆಯಲ್ಲಿ, ಕಲ್ಕತ್ತೆಗೆ ಹೋಗಿದ್ದ ತಂದೆ ಅಲ್ಲಿಯೇ ತೀರಿಕೊಂಡರು. ಹತ್ತು ವರ್ಷದ ಹುಡುಗ ಮಹಾರಾಜನಾದ. ರಾಜ್ಯಭಾರ ಮಾತ್ರ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಕೈಗೆ ಬಂತು. 1897ರಲ್ಲಿ ಅಕ್ಕನ ಮದುವೆಯ ಸಮಯದಲ್ಲಿ ಮರದ ಹಳೇ ಅರಮನೆಗೆ ಬೆಂಕಿ ಬಿತ್ತು. ಅದರ ಹಿಂದೆಯೇ ಮೈಸೂರಿಗೆ ಪ್ಲೇಗು ಬಂತು. ಅಪ್ಪ ಹೋದರು, ಮನೆ ಸುಟ್ಟಿತು, ಊರಿಗೆ ಸಾವು ಬಂತು. ಇಷ್ಟೆಲ್ಲ ನಮ್ಮ ಎಸ್‌ಎಸ್‌ಎಲ್‌ಸಿ ವಯಸ್ಸಿನೊಳಗೇ ಆಗಿಹೋಗಿತ್ತು.

1902ರ ಆಗಸ್ಟ್ 8ರಂದು ವೈಸ್‌ರಾಯ್ ಲಾರ್ಡ್ ಕರ್ಜನ್ ಬಂದು ಅವರಿಗೆ ಪೂರ್ಣ ಅಧಿಕಾರ ಒಪ್ಪಿಸಿದ. ಅವರಿಗೆ ಹದಿನೆಂಟು ವರ್ಷ, ಅಂದ್ರೆ ನಮ್ಮ ಫಸ್ಟ್ ಸೆಮ್ ಹುಡುಗರ ವಯಸ್ಸು. ಅದೇ ವರ್ಷ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿದವು. ಟಾಟಾ ಅವರ ಕನಸಿನ ವಿಜ್ಞಾನ ಸಂಸ್ಥೆಗೆ ಮೈಸೂರು ಸರ್ಕಾರ 371 ಎಕರೆ ಜಾಗ ಕೊಟ್ಟಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಬಂದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಸಾಬೂನಿನ ಕಾರ್ಖಾನೆ ಕೂಡ ಅವರ ಕಾಲದವೇ. ಈ ಪಟ್ಟಿ ನಮಗೆಲ್ಲ ಬಾಯಿಪಾಠ. ಇದರ ಹಿಂದೆ ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್‌ರಂಥ ದಿವಾನರು ಇದ್ದರು ಅನ್ನೋದೂ ಗೊತ್ತು.

ಇಷ್ಟೆಲ್ಲ ನಡೀತಿದ್ದಾಗ ಮಹಾರಾಜರ ಒಳಗೆ ಏನು ನಡೀತಿತ್ತು? ಅವರು ಮಾತು ಕಡಿಮೆ, ಸಂಕೋಚದ ಸ್ವಭಾವ. ಪೂಜೆ, ಓದು, ಸಂಗೀತ, ಕುದುರೆ ಸವಾರಿ ಎಲ್ಲಕ್ಕೂ ಬದುಕಿನಲ್ಲಿ ಜಾಗ ಇತ್ತು. ವೀಣೆ, ಪಿಟೀಲು, ಕೊಳಲು, ಮೃದಂಗದಿಂದ ಪಿಯಾನೋವರೆಗೆ ಹಲವು ವಾದ್ಯ ನುಡಿಸುತ್ತಿದ್ದರು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯರಂಥ ದೊಡ್ಡವರು ಅವರ ಆಸ್ಥಾನದಲ್ಲಿದ್ದರು. ಇದನ್ನು ರಾಜರ ಹವ್ಯಾಸ ಅಂತ ತಳ್ಳಿಹಾಕೋದು ಸುಲಭ. ಆದರೆ ಒಂದು ವಾದ್ಯ ಕಲಿಯೋಕೆ ಹೊರಟವರಿಗೆ ಗೊತ್ತು, ದಿನಾ ಒಂದೇ ಪಾಠವನ್ನು ನೂರು ಸಲ ನುಡಿಸೋದು ಎಂಥ ತಾಳ್ಮೆಯ ಕೆಲಸ ಅಂತ. ಶ್ರುತಿ ಮುಂದೆ ಮಹಾರಾಜನೂ ಒಂದೇ, ಸೇವಕನೂ ಒಂದೇ. ತಪ್ಪಿದರೆ ತಪ್ಪಿದ ಹಾಗೆಯೇ.

ವೇದಾಂತದ ವಿಷಯದಲ್ಲಿ ಅವರ ಜೊತೆಗಿದ್ದವರು ವಿ. ಸುಬ್ರಹ್ಮಣ್ಯ ಅಯ್ಯರ್. ಇವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದವರು, ಶೃಂಗೇರಿ ಗುರುಗಳ ಶಿಷ್ಯರು, ನಿವೃತ್ತಿಯ ನಂತರ ಮಹಾರಾಜರಿಗೆ ತತ್ತ್ವಶಾಸ್ತ್ರ ಓದಿ ಹೇಳುತ್ತಿದ್ದವರು. ಇವರ ಪಾಠದ ರೀತಿ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಯಾರಿಗೋ ಧ್ಯಾನದಲ್ಲಿ ಬೆಳಕು ಕಂಡಿತು, ಆನಂದ ಆಯಿತು ಅಂದರೆ ಅದೊಂದು ಅನುಭವ ಅಷ್ಟೇ, ಅದರಿಂದ ಸತ್ಯ ಸಿದ್ಧವಾಗೋದಿಲ್ಲ ಅನ್ನೋದು ಅವರ ನಿಲುವು. ಮಾಂಡೂಕ್ಯ ಉಪನಿಷತ್ತಿನ ದಾರಿಯಲ್ಲಿ ಎಚ್ಚರ, ಕನಸು, ಗಾಢನಿದ್ದೆ ಈ ಮೂರು ಅವಸ್ಥೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರ ಮಾಡಬೇಕು ಅನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಎಚ್ಚರದ ಡೇಟಾ ಮಾತ್ರ ತಗೊಂಡು ಬದುಕಿಗೆ ಗ್ರಾಫ್ ಎಳೆದರೆ ಆ ಗ್ರಾಫ್ ಅರ್ಧಂಬರ್ಧ. ನಂಬಿಕೆ ಇರಲಿ, ಆದರೆ ಪರೀಕ್ಷೆ ಬಿಡಬೇಡ ಅನ್ನೋದು ಈ ಪಾಠದ ಸಾರ.

ಈ ಪಾಠ ಅರಮನೆಯಲ್ಲೇ ಉಳಿಯಲಿಲ್ಲ. ಮೈಸೂರಿನ ರಾಮಕೃಷ್ಣ ಆಶ್ರಮ ಶುರುವಾಗಿದ್ದು 1925ರಲ್ಲಿ. ಅಲ್ಲಿಗೆ ಬಂದ ಸನ್ಯಾಸಿಗಳು ಅಯ್ಯರ್ ಹತ್ತಿರ ಕಲಿತರು. ಅವರಲ್ಲಿ ಸಿದ್ಧೇಶ್ವರಾನಂದರು 1937ರಲ್ಲಿ ಫ್ರಾನ್ಸಿಗೆ ಹೋಗಿ ವೇದಾಂತ ಕೇಂದ್ರ ಕಟ್ಟಿದರು. ಅದೇ ವರ್ಷ ಅಯ್ಯರ್ ಕೂಡ ಪ್ಯಾರಿಸ್ಸಿನ ತತ್ತ್ವಶಾಸ್ತ್ರ ಸಮ್ಮೇಳನಕ್ಕೆ ಹೋಗಿ ಬಂದರು. ರಮಣ ಮಹರ್ಷಿಗಳನ್ನು ಪಶ್ಚಿಮಕ್ಕೆ ಪರಿಚಯಿಸಿದ ಇಂಗ್ಲಿಷ್ ಲೇಖಕ ಪಾಲ್ ಬ್ರಂಟನ್ ಮೈಸೂರಿಗೆ ಬಂದು ನೆಲೆಸಿ ಅಯ್ಯರ್ ಹತ್ತಿರ ಪಾಠ ಕೇಳಿದ. ತನ್ನ ಒಂದು ಪುಸ್ತಕವನ್ನು ನಾಲ್ವಡಿಯವರಿಗೇ ಅರ್ಪಿಸಿದ. ಅನುಭವದ ಬೆನ್ನು ಹತ್ತಿದ್ದ ಆ ಲೇಖಕ ಮೈಸೂರಿನಲ್ಲಿ ವಿಚಾರದ ಕಡೆ ಹೊರಳಿದ.

ಯೋಗದ ಕಥೆ ಇನ್ನೂ ದೊಡ್ಡದು. 1930ರ ದಶಕದಲ್ಲಿ ಮಹಾರಾಜರು ತಿರುಮಲೈ ಕೃಷ್ಣಮಾಚಾರ್ಯರಿಗೆ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಗೆ ಜಾಗ ಕೊಟ್ಟರು. ಕೃಷ್ಣಮಾಚಾರ್ಯರು ಯೋಗ ಮಕರಂದ ಅನ್ನೋ ಪುಸ್ತಕವನ್ನು ಕನ್ನಡದಲ್ಲೇ ಬರೆದರು, 1934ರಲ್ಲಿ. ಅವರ ಹತ್ತಿರ ಕಲಿತವರು ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್, ಇಂದ್ರಾ ದೇವಿ. ಇವತ್ತು ನ್ಯೂಯಾರ್ಕಿನಲ್ಲೋ ಬರ್ಲಿನ್ನಿನಲ್ಲೋ ಯಾರೋ ಮ್ಯಾಟ್ ಹಾಸಿ ಆಸನ ಮಾಡ್ತಾರೆ ಅಂದರೆ ಅದರ ಒಂದು ಬೇರು ನಮ್ಮ ಮೈಸೂರಿನ ಆ ಶಾಲೆಯಲ್ಲಿದೆ. ನಮ್ಮ ಮೊಬೈಲಿನ ಯೋಗದ ವಿಡಿಯೋ ಕೂಡ ಲೋಕವೆಲ್ಲ ಸುತ್ತಿ ವಾಪಸ್ಸು ಮನೆಗೇ ಬಂದಿದೆ.

1931ರಲ್ಲಿ ಮಹಾರಾಜರು ಕೈಲಾಸ ಮಾನಸ ಸರೋವರದ ಯಾತ್ರೆಗೆ ಹೊರಟರು. ವಯಸ್ಸು ನಲವತ್ತೇಳು. ಆಗ ರಸ್ತೆ ಇಲ್ಲ, ಹೆಲಿಕಾಪ್ಟರ್ ಇಲ್ಲ. ಅಲ್ಮೋರಾದಿಂದ ಮುಂದೆ ಹಿಮಾಲಯ ದಾಟಿ ಟಿಬೆಟ್ಟಿಗೆ ಹೋಗಬೇಕು. ಮಾನಸ ಸರೋವರ ಇರೋದು 4,500 ಮೀಟರಿಗಿಂತ ಎತ್ತರದಲ್ಲಿ, ಉಸಿರಿಗೇ ಕಷ್ಟಪಡುವ ಜಾಗದಲ್ಲಿ. ಅದೇ ವರ್ಷದ ಹೊತ್ತಿಗೆ ಇಲ್ಲಿ ಕನ್ನಂಬಾಡಿಯ ಕಟ್ಟೆ ಕೆಲಸ ಇಪ್ಪತ್ತು ವರ್ಷ ಕಳೆದು ಮುಗಿಯುತ್ತಾ ಬಂದಿತ್ತು. ಸುರ್ಕಿ ಗಾರೆಯಲ್ಲಿ ಕಟ್ಟಿದ ಕಟ್ಟೆಯ ಹಿಂದೆ ನೀರು, ಅತ್ತ ಹಿಮಾಲಯದ ಹಿಂದೆ ಸರೋವರ. ಒಬ್ಬನೇ ಮನುಷ್ಯನಿಗೆ ಎರಡೂ ಬೇಕಾಗಿದ್ದವು ಅನ್ನೋದನ್ನು ಯೋಚಿಸಿದಾಗ ನಮಗೆ ಆಶ್ಚರ್ಯವಾಗುತ್ತದೆ.

ಈ ಯಾತ್ರೆಗೂ ನಮ್ಮ ಪಿರಿಯಾಪಟ್ಟಣಕ್ಕೂ ಒಂದು ನಂಟು ಕಾಣುತ್ತೆ. ಮೂವತ್ತು ವರ್ಷಗಳ ನಂತರ, 1960ರ ದಶಕದ ಆರಂಭದಲ್ಲಿ, ಟಿಬೆಟ್ಟಿನ ನಿರಾಶ್ರಿತರು ಬಂದು ಬೈಲಕುಪ್ಪೆಯಲ್ಲಿ ನೆಲೆಸಿದರು. 1963ರಲ್ಲಿ ಅಲ್ಲಿ ನಮ್ಡ್ರೋಲಿಂಗ್ ವಿಹಾರ ಶುರುವಾಯಿತು. ಮಹಾರಾಜರು ಆಗ ಇರಲಿಲ್ಲ, ಇದು ಅವರು ಮಾಡಿದ್ದೂ ಅಲ್ಲ. ಆದರೂ ಮೈಸೂರಿನಿಂದ ಒಬ್ಬರು ಟಿಬೆಟ್ಟಿಗೆ ನಡೆದರು, ಟಿಬೆಟ್ಟಿನಿಂದ ಜನ ಮೈಸೂರಿನ ಸೀಮೆಗೆ ಬಂದರು ಅನ್ನೋದು ನೆನಪಿಡುವ ಸಂಗತಿ.

ಇನ್ನು ಕೆ.ಆರ್. ನಗರ. ಕಾವೇರಿ ದಡದ ಹಳೇ ಊರು ಎಡತೊರೆ, ಅರ್ಕೇಶ್ವರನ ದೇವಸ್ಥಾನ ಇರುವ ಊರು. ನದಿಯ ಪ್ರವಾಹ ಊರಿಗೆ ನುಗ್ಗುತ್ತಿತ್ತು. ನಾಲ್ವಡಿಯವರ ಕಾಲದಲ್ಲಿ ನದಿಯಿಂದ ದೂರಕ್ಕೆ ಅಗಲವಾದ ನೇರ ಬೀದಿಗಳ ಹೊಸ ಊರು ಕಟ್ಟಿ ಜನರನ್ನು ಕೂರಿಸಿದರು. ದೇವರು ಹಳೇ ಜಾಗದಲ್ಲೇ ಉಳಿದ, ಜನ ಎತ್ತರಕ್ಕೆ ಬಂದರು. ಭಕ್ತಿ ಇದ್ದವರು ದೇವರೇ ಕಾಪಾಡ್ತಾನೆ ಅಂತ ಸುಮ್ಮನಿರಬಹುದಿತ್ತು. ಇವರು ಟೌನ್ ಪ್ಲಾನಿಂಗ್ ಮಾಡಿಸಿದರು. 1909ರಲ್ಲಿ ಸರ್ಕಾರದ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸುವ ಆದೇಶ ಬಂದದ್ದೂ ಇವರ ಕಾಲದಲ್ಲೇ. ಗುಡಿಗೆ ಕೈಮುಗಿದವರೇ ಗುಡಿಯೊಳಗಿನ ತಪ್ಪನ್ನು ತಿದ್ದಿದರು.

ಆದರೆ ಬರೀ ಹೊಗಳಿ ಮುಗಿಸಿದರೆ ಅದು ಸ್ಕೂಲಿನ ಭಾಷಣ ಆಗುತ್ತೆ. ಇನ್ನೊಂದು ಪಕ್ಕವನ್ನೂ ನಾವು ನೋಡಬೇಕು. ಹೆಚ್.ಡಿ. ಕೋಟೆಯ ಕಾಕನಕೋಟೆ ಕಾಡಿನಲ್ಲಿ ಮೈಸೂರು ಅರಸರ ಖೆಡ್ಡಾಗಳು ನಡೆಯುತ್ತಿದ್ದವು. ದೊಡ್ಡ ಅತಿಥಿಗಳು ಬಂದಾಗ ಕಾಡಾನೆಗಳ ಹಿಂಡನ್ನು ಹೊಳೆಗೆ ಇಳಿಸಿ, ಬೇಲಿಯೊಳಗೆ ಅಟ್ಟಿ ಹಿಡಿಯುತ್ತಿದ್ದರು. ಆ ಕೆಲಸದ ಅಪಾಯ ಹೊತ್ತವರು ಕಾಡಿನ ಕುರುಬರು, ಮಾವುತರು. ಹುಣಸೂರು ಕೋಟೆ ನಡುವಿನ ನಾಗರಹೊಳೆ ಕಾಡು ಅರಸರ ಬೇಟೆಯ ಕಾಡು. ಕನ್ನಂಬಾಡಿಯ ನೀರು ಮಂಡ್ಯಕ್ಕೆ ಕಬ್ಬು ಭತ್ತ ಕೊಟ್ಟಿತು ನಿಜ, ಆದರೆ ಹಿನ್ನೀರಿನಲ್ಲಿ ಹಳ್ಳಿಗಳೇ ಮುಳುಗಿದವು. ಹುಣಸೂರಿನ ಲಕ್ಷ್ಮಣತೀರ್ಥ ಇವತ್ತು ಹೋಗಿ ಸೇರೋದೂ ಆ ನೀರನ್ನೇ. ಮನೆ ಹೊಲ ಬಿಟ್ಟು ಎದ್ದವರ ಹೆಸರಿನ ಸರ್ಕಲ್ ಎಲ್ಲೂ ಇಲ್ಲ.

ರಾಜಕೀಯದಲ್ಲೂ ಹಾಗೆಯೇ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕು ಅನ್ನೋ ಕೂಗು ಎದ್ದಾಗ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅದನ್ನು ಒಪ್ಪದ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟು ಹೊರಟರು. ತಮ್ಮ ಅತ್ಯುತ್ತಮ ಇಂಜಿನಿಯರನ್ನು ಕಳಕೊಂಡರೂ ಮಹಾರಾಜರು ಹಿಂದೆ ಸರಿಯಲಿಲ್ಲ. ಅದು ಗಟ್ಟಿ ನಿರ್ಧಾರ. ಆದರೆ ಇಪ್ಪತ್ತು ವರ್ಷದ ನಂತರ ಜನ ಜವಾಬ್ದಾರಿ ಸರ್ಕಾರ ಕೇಳಿದಾಗ ಅದನ್ನು ಕೊಡಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು, ಜೀವಗಳು ಹೋದವು. ಗಾಂಧೀಜಿ ರಾಜರ್ಷಿ ಅಂತ ಕರೆದ ರಾಜರ ಸರ್ಕಾರದಲ್ಲೇ ಇದು ನಡೆಯಿತು. ಜನರ ಸರ್ಕಾರ ಮೈಸೂರಿಗೆ ಬಂದದ್ದು 1947ರ ಅಕ್ಟೋಬರಿನಲ್ಲಿ, ಅವರು ಹೋದ ಏಳು ವರ್ಷದ ಮೇಲೆ.

ಹಾಗಾದರೆ ಅಷ್ಟು ಓದು, ಜಪ, ಯಾತ್ರೆ ಎಲ್ಲ ಏನು ಕೊಟ್ಟಿತು? ನಮ್ಮ ಸಂಘದ ಚರ್ಚೆಯಲ್ಲಿ ಈ ಪ್ರಶ್ನೆ ಎದ್ದಾಗ ಜೋರು ಜಗಳವೇ ಆಯಿತು. ಕೊನೆಗೆ ನಾವು ಒಪ್ಪಿದ್ದು ಇಷ್ಟು. ಒಳಗಿನ ಸಾಧನೆ ಮನುಷ್ಯನನ್ನು ತಪ್ಪೇ ಮಾಡದವನನ್ನಾಗಿ ಮಾಡೋದಿಲ್ಲ. ಕೂತ ಕುರ್ಚಿಯ ಮಿತಿಯನ್ನೂ ಅದು ಅಳಿಸೋದಿಲ್ಲ. ಆದರೆ ಒಂದು ಕೆಲಸವನ್ನು ಮೂವತ್ತೆಂಟು ವರ್ಷ ಬೇಸರವಿಲ್ಲದೆ ಮಾಡುವ ಶಕ್ತಿ ಕೊಡಬಹುದು. ತಾನು ಮಾಡಿದ್ದನ್ನು ತಾನೇ ಕೂಗಿ ಹೇಳಿಕೊಳ್ಳದ ಹಾಗೆ ಇರಿಸಬಹುದು. ನಾಲ್ವಡಿಯವರಿಗೆ ಅದು ಕೆಲಸದಿಂದ ತಪ್ಪಿಸಿಕೊಳ್ಳುವ ಕಳ್ಳದಾರಿ ಆಗಿರಲಿಲ್ಲ. ಫೈಲೂ ಉಪನಿಷತ್ತೂ ಒಂದೇ ಮನೆಯಲ್ಲಿದ್ದವು.

ಅವರ ಕೊನೆಯ ವರ್ಷಗಳು ಒಂಟಿತನದವು. ಮಕ್ಕಳಿರಲಿಲ್ಲ. 1934ರಲ್ಲಿ ತಾಯಿ ಹೋದರು. 1940ರ ಮಾರ್ಚಿನಲ್ಲಿ ತಮ್ಮ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಐದು ತಿಂಗಳೂ ತುಂಬಲಿಲ್ಲ, ಆಗಸ್ಟ್ 3ರಂದು ಬೆಂಗಳೂರಿನಲ್ಲಿ ನಾಲ್ವಡಿಯವರೂ ಕಣ್ಣುಮುಚ್ಚಿದರು. ಐವತ್ತಾರು ವಯಸ್ಸು. ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಮುಂದೆ ಅವರೂ ತತ್ತ್ವಶಾಸ್ತ್ರದ ಪುಸ್ತಕಗಳನ್ನು ಬರೆದರು.

ಈ ವಾರ ಊರಿಗೆ ಹೋಗುವವರು ಕೆ.ಆರ್. ನಗರದಲ್ಲಿ ಬಸ್ಸಿಳಿದರೆ ಹತ್ತು ನಿಮಿಷ ಆ ನೇರ ಬೀದಿಗಳಲ್ಲಿ ನಡೆದು, ಹಳೇ ಎಡತೊರೆಯ ಅರ್ಕೇಶ್ವರನ ಗುಡಿ ತನಕ ಹೋಗಿ ಬನ್ನಿ. ಹೊಸ ಊರು, ಹಳೇ ದೇವರು, ಪಕ್ಕದಲ್ಲಿ ಕಾವೇರಿ. ಹೋಗಿ ಬಂದ ಮೇಲೆ ನಿಮಗೇನು ಅನ್ನಿಸಿತು ಅಂತ ನಮಗೂ ಬರೆಯಿರಿ, ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇವೆ.