ಕೋಟೆಯ ಆಸರೆ ಬಿಟ್ಟು ಹೊರಟ ಗುರು: ಸಂತ ಜೋಸೆಫ್ ವಾಜ್



ಹಾರೂಗೇರಿಯ ಸುತ್ತಮುತ್ತ ನೀವು ಫ್ಯಾಕ್ಟರಿಗೆ ಕಬ್ಬು ಕಳಿಸಿ, ಬಿಲ್ಲು ಬರುವವರೆಗೆ ದಿನ ಎಣಿಸುವವರು. ಕೊಳವೆಬಾವಿಯ ನೀರು, ಬ್ಯಾಂಕಿನ ಠೇವಣಿ, ಮಗನ ನೌಕರಿ, ಪರಿಚಯದ ಮುಖಂಡರು: ಇವುಗಳಲ್ಲಿ ಒಂದಾದರೂ ಇದ್ದರೆ ರಾತ್ರಿ ನಿದ್ದೆ ಬರುತ್ತದೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಇಂಥ ಆಸರೆಗಳೇ ದೇವರ ಕೆಲಸಕ್ಕೆ ಅಡ್ಡಗೋಡೆಯಾದಾಗ ಒಬ್ಬ ಗುರು ಏನು ಮಾಡಿದರು, ಕೇಳಿ.

ಜೋಸೆಫ್ ವಾಜ್ ಅವರು ನಮ್ಮ ನೆರೆಯ ಗೋವೆಯವರು. 1651ರ ಏಪ್ರಿಲ್ 21ರಂದು ಬೆನೌಲಿಮ್‌ನಲ್ಲಿ ಜನಿಸಿ, 1676ರಲ್ಲಿ ಗುರುದೀಕ್ಷೆ ಪಡೆದರು. ಅಂದಿನಿಂದಲೇ ಬರಿಗಾಲಿನ ನಡಿಗೆ. 1681ರಲ್ಲಿ ಅವರನ್ನು ಕೆನರಾಕ್ಕೆ ಕಳಿಸಲಾಯಿತು. ಆಗ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ. ಮಂಗಳೂರು, ಬಸ್ರೂರು, ಗಂಗೊಳ್ಳಿ, ಹೊನ್ನಾವರಗಳಲ್ಲಿ ಅವರು ಚದುರಿಹೋಗಿದ್ದ ಭಕ್ತರನ್ನು ಹುಡುಕಿ ಸಂಸ್ಕಾರಗಳನ್ನು ನೀಡಿದರು. (ಹೊನ್ನಾವರವಿರುವ ಕಾರವಾರ ಧರ್ಮಪ್ರಾಂತ್ಯವು 1976ರವರೆಗೆ ನಮ್ಮ ಬೆಳಗಾವಿ ಧರ್ಮಪ್ರಾಂತ್ಯದ ಭಾಗವೇ ಆಗಿತ್ತು.)

ಅಲ್ಲಿ ಅವರ ಮನಸ್ಸನ್ನು ನೋಯಿಸಿದ್ದು ಬಡತನವಲ್ಲ, ಅಧಿಕಾರದ ಜಗಳ. ಪೋರ್ಚುಗೀಸ್ ದೊರೆಯ ಹಕ್ಕಿನಡಿ ಗೋವೆಯ ಮಹಾಧರ್ಮಾಧ್ಯಕ್ಷರು ಒಂದು ಕಡೆ; ರೋಮ್ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಯಾರ ಮಾತು ಕೇಳಬೇಕೆಂದು ತಿಳಿಯದೆ ವಿಶ್ವಾಸಿಗಳು ಒಡೆದುಹೋದರು. ಧರ್ಮಸಭೆಗೆ ರಾಜನ ಆಸರೆ ಎಷ್ಟು ದುಬಾರಿ ಎಂಬುದು ಅವರಿಗೆ ಇಲ್ಲೇ, ನಮ್ಮ ನಾಡಿನಲ್ಲೇ ಅರಿವಾಗಿರಬೇಕೆಂದು ನನ್ನ ಎಣಿಕೆ.

ಸಿಲೋನಿನಲ್ಲಿ ಅದು ಇನ್ನೂ ಸ್ಪಷ್ಟವಾಗಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಸಿದುಕೊಂಡು ಕಥೋಲಿಕ ಗುರುಗಳನ್ನು ಹೊರಗಟ್ಟಿದರು. ಕೋಟೆಯ ನೆರಳಲ್ಲಿ ಬೆಳೆದದ್ದು ಕೋಟೆಯೊಡನೆಯೇ ಉರುಳಿತು. ಸುಮಾರು ಮೂವತ್ತು ವರ್ಷ ಅಲ್ಲಿಯ ಜನರಿಗೆ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ.

ಫಾದರ್ ವಾಜ್ 1685ರಲ್ಲಿ ಹಳೆ ಗೋವೆಯಲ್ಲಿ ಓರೆಟರಿ ಎಂಬ ಗುರುಗಳ ಸಂಘವನ್ನು ಕಟ್ಟಿ, ಮರುವರ್ಷ ಹೊರಟೇಬಿಟ್ಟರು. ಕಾವಲಿಲ್ಲ, ದೊರೆಯ ಪರವಾನಗಿ ಇಲ್ಲ. ಜೊತೆಗೆ ಜಾನ್ ಎಂಬ ಸೇವಕ. ಗುರುವಸ್ತ್ರ ತೆಗೆದು ಕೂಲಿಯವನ ವೇಷ ತೊಟ್ಟರು. ಯೂರೋಪಿನ ಗುರುವಾಗಿದ್ದರೆ ಬಂದರಿನಲ್ಲೇ ಸಿಕ್ಕಿಬೀಳುತ್ತಿದ್ದರು; ನಮ್ಮವರ ಕಪ್ಪು ಮೈಬಣ್ಣವೂ ಬರಿಗಾಲೂ ಇವರಿಗೆ ರಹದಾರಿಯಾದವು.

1687ರಲ್ಲಿ ಜಾಫ್ನಾ ತಲುಪಿದಾಗ ಇಬ್ಬರೂ ಆಮಶಂಕೆಯಿಂದ ನರಳುತ್ತಿದ್ದರು. ಚೇತರಿಸಿಕೊಂಡ ಬಳಿಕ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ನೋಡಿ ಯಾರ ಕಣ್ಣು ಅರಳಿತೋ ಅವರೇ ಕಥೋಲಿಕರು! ರಾತ್ರಿಯ ಹೊತ್ತು ಗುಟ್ಟಾಗಿ ಬಲಿಪೂಜೆ ನಡೆಯುತ್ತಿತ್ತು.

ಮುಂದೆ ಕ್ಯಾಂಡಿ ರಾಜ್ಯಕ್ಕೆ ಹೋದಾಗ, ಇವರು ಪೋರ್ಚುಗೀಸರ ಗೂಢಚಾರರೆಂಬ ದೂರು ರಾಜ ಎರಡನೆಯ ವಿಮಲಧರ್ಮಸೂರ್ಯನ ಕಿವಿಗೆ ಬಿತ್ತು. ಯಾವ ಆಸರೆಯನ್ನು ಬಿಟ್ಟು ಬಂದಿದ್ದರೋ ಅದರ ಹೆಸರಿನಲ್ಲೇ ಸೆರೆ. ಸೆರೆಯಲ್ಲೇ ಪೀಠ ಕಟ್ಟಿ ಬಲಿಪೂಜೆ ಅರ್ಪಿಸಿದರು. ಬರ ಬಂದಾಗ ರಾಜನ ಕೋರಿಕೆಯ ಮೇರೆಗೆ ಬಯಲಿನಲ್ಲಿ ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದರೆಂದೂ ಸುತ್ತಲೂ ಮಳೆ ಸುರಿದರೂ ಅವರೂ ಪೀಠವೂ ನೆನೆಯಲಿಲ್ಲವೆಂದೂ ಪರಂಪರೆ ಹೇಳುತ್ತದೆ. ಬಳಿಕ ರಾಜನು ಅವರಿಗೆ ಸಂಚಾರದ ಸ್ವಾತಂತ್ರ್ಯ ಕೊಟ್ಟ.

ನನಗೆ ಮಳೆಗಿಂತ ದೊಡ್ಡದಾಗಿ ಕಾಣುವುದು 1697ರ ಸಿಡುಬಿನ ಪಿಡುಗು. ಕುಲೀನರು ಕ್ಯಾಂಡಿ ಬಿಟ್ಟು ಓಡಿದರು. ರೋಗಿಗಳನ್ನು ಮನೆಯವರೇ ಹೊರಗೆ ಹಾಕಿದರು. ವಾಜ್ ಅವರು ತಮ್ಮ ಸಂಘದ ಫಾದರ್ ಜೋಸೆಫ್ ಕರ್ವಾಲ್ಯೊ ಅವರೊಡನೆ ಊರಲ್ಲೇ ಉಳಿದು, ಜಾತಿ ಮತ ನೋಡದೆ ರೋಗಿಗಳಿಗೆ ಗಂಜಿ ಕುಡಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. ಅವರನ್ನು ಅನುಮಾನಿಸುತ್ತಿದ್ದ ಬಾಯಿಗಳು ಆಗ ಮುಚ್ಚಿದವು.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲೇ ಪ್ರಾಣ ಬಿಟ್ಟರು. ಅಷ್ಟೂ ವರ್ಷಗಳಲ್ಲಿ ಒಮ್ಮೆಯೂ ಗೋವೆಗೆ ಮರಳಿರಲಿಲ್ಲ. ಜಗದ್ಗುರು ಎರಡನೆಯ ಜಾನ್ ಪಾಲ್ 1995ರಲ್ಲಿ ಅವರನ್ನು ಧನ್ಯರೆಂದು, ಜಗದ್ಗುರು ಫ್ರಾನ್ಸಿಸ್ 2015ರ ಜನವರಿ 14ರಂದು ಸಂತರೆಂದು ಘೋಷಿಸಿದರು. ಎರಡೂ ಕೊಲಂಬೊದಲ್ಲೇ ನಡೆದವು. ಅವರ ಹಬ್ಬ ಜನವರಿ 16. ನಮ್ಮ ಕಡೆ ಕಬ್ಬು ಕಟಾವಿನ ಗಡಿಬಿಡಿಯ ನಡುವೆಯೇ ಬರುತ್ತದೆ.