ಹದಿನೆಂಟು ಚಾವಡಿಗಳ ದೊರೆ

ಹಿಂದೆ ಮದ್ದಗಿರಿಯೆಂದು ಹೆಸರಾಗಿದ್ದ ಮಧುಗಿರಿಯ ಬೆಟ್ಟದ ಕೋಟೆಯು 1678ರಲ್ಲಿ ಮೈಸೂರಿನ ವಶವಾಯಿತು. ಬಿಜ್ಜವರ, ಮಿಡಿಗೇಶಿ, ಚೆನ್ನರಾಯನದುರ್ಗಗಳೂ ಆ ಸುಮಾರಿನಲ್ಲಿಯೇ ಕೈಸೇರಿದವು. ಅಲ್ಲಿಯವರೆಗೆ ಈ ಸೀಮೆಯನ್ನು ಆಳುತ್ತಿದ್ದವರು ಪಾಳೆಯಗಾರರು. ಒಂದೊಂದು ಪಾಳೆಯಪಟ್ಟಿಗೂ ಅದರದೇ ಕಂದಾಯ, ಅದರದೇ ಸುಂಕದ ಕಟ್ಟೆ, ಅದರದೇ ಕಡತ. ಕೋಟೆಯನ್ನು ಗೆಲ್ಲುವುದು ದಳವಾಯಿಯ ಕೆಲಸ. ಗೆದ್ದ ಸೀಮೆಯ ಲೆಕ್ಕವೂ ದೂರೂ ಸುದ್ದಿಯೂ ತಪ್ಪದೆ ಶ್ರೀರಂಗಪಟ್ಟಣವನ್ನು ಮುಟ್ಟುವಂತೆ ಮಾಡುವುದು ಅದಕ್ಕಿಂತ ಕಷ್ಟದ ಕೆಲಸ. ಚಿಕ್ಕದೇವರಾಜ ಒಡೆಯರ ಹಿರಿಮೆ ಈ ಎರಡನೆಯದರಲ್ಲಿದೆ.

1645ರಲ್ಲಿ ಜನಿಸಿದ ಅವರು ಯೌವನದ ಕೆಲವು ಕಾಲವನ್ನು ಹಂಗಳದಲ್ಲಿ ಕಳೆದರು. 1673ರಲ್ಲಿ ಪಟ್ಟಕ್ಕೆ ಬಂದಾಗ ವಿಶಾಲಾಕ್ಷ ಪಂಡಿತನನ್ನು ಮಂತ್ರಿಯಾಗಿ ನೇಮಿಸಿಕೊಂಡರು. ಸ್ವತಃ ಕವಿಗಳಾಗಿದ್ದ ಒಡೆಯರ ಆಶ್ರಯದಲ್ಲಿ ತಿರುಮಲಾರ್ಯ, ಸಂಚಿ ಹೊನ್ನಮ್ಮ ಮೊದಲಾದವರು ಕಾವ್ಯರಚನೆ ಮಾಡಿದರು.

ರಾಜ್ಯವು ಬೆಳೆದಂತೆ ವೆಚ್ಚವೂ ಬೆಳೆಯಿತು. ಹೊಸ ತೆರಿಗೆಗಳ ಭಾರಕ್ಕೆ ರೈತರು ನೊಂದು ದಂಗೆಯೆದ್ದರು; ಅರಸರು ಅದನ್ನು ಕಠಿಣವಾಗಿ ಅಡಗಿಸಿದರು. 1686ರಲ್ಲಿ ವಿಶಾಲಾಕ್ಷ ಪಂಡಿತನ ಕೊಲೆಯಾಯಿತು. ಅವನ ಸ್ಥಾನಕ್ಕೆ ತಿರುಮಲಾರ್ಯನು ಬಂದನು. ಪ್ರತಿದಿನವೂ ಹಣದ ಎರಡು ಚೀಲಗಳನ್ನು ಬೊಕ್ಕಸಕ್ಕೆ ಸೇರಿಸಿದ ಮೇಲೆಯೇ ದೊರೆಯು ಊಟಕ್ಕೆ ಏಳುತ್ತಿದ್ದರೆಂದು ಐತಿಹ್ಯವಿದೆ. ನವಕೋಟಿ ನಾರಾಯಣನೆಂಬ ಬಿರುದು ಹೀಗೆ ಬಂದಿತು. ತುಂಬಿದ ಆ ಬೊಕ್ಕಸದಲ್ಲಿ ರೈತನ ಬೆವರೆಷ್ಟಿತ್ತೆಂಬುದನ್ನು ಮರೆಯುವಂತಿಲ್ಲ.

ಮರುವರ್ಷ, 1687ರಲ್ಲಿ, ಔರಂಗಜೇಬನ ಸೇನೆಯು ಶಿರಾವನ್ನು ಹಿಡಿಯಿತು. ಶಿರಾ ಮೊಗಲರ ಸುಭಾದ ರಾಜಧಾನಿಯಾಯಿತು. ಅವರ ಸೇನಾಪತಿ ಕಾಸಿಂಖಾನನಿಂದ ಒಡೆಯರು ಬೆಂಗಳೂರನ್ನು 3 ಲಕ್ಷ ರೂಪಾಯಿಗೆ ಪಡೆದರು. ಕೊರಟಗೆರೆ, ಪಾವಗಡಗಳ ನಾಯಕರಾದರೋ ಇನ್ನೂ ತಮ್ಮ ತಮ್ಮ ಕೋಟೆಗಳಲ್ಲಿಯೇ ಇದ್ದರು. ಹೀಗೆ ಮದ್ದಗಿರಿಯ ಸೀಮೆಯಲ್ಲಿ ನಿಂತವರಿಗೆ ಪಾಳೆಯಗಾರರ ಹಳೆಯ ಪದ್ಧತಿಯೂ ಮೊಗಲರ ದಫ್ತರದ ಪದ್ಧತಿಯೂ ನೆರೆಯಲ್ಲಿಯೇ ಕಾಣುತ್ತಿದ್ದವು.

1699ರಲ್ಲಿ ಕರಣಿಕ ಲಿಂಗಣ್ಣಯ್ಯನ ಮುಂದಾಳುತನದಲ್ಲಿ ಮೈಸೂರಿನ ನಿಯೋಗವೊಂದು ಔರಂಗಜೇಬನ ಬಳಿಗೆ ಹೋಯಿತು. ಅದು ಹಿಂದಿರುಗಿದ ಬಳಿಕ ಒಡೆಯರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಇದೇ ಅಠಾರಾ ಕಚೇರಿ. ಪ್ರಜೆಗಳ ಅರ್ಜಿಗಳನ್ನು ಸ್ವೀಕರಿಸಿ ಆಜ್ಞೆಗಳನ್ನು ಹೊರಡಿಸಲು ನಿರೂಪದ ಚಾವಡಿ, ಲೆಕ್ಕಪತ್ರಗಳಿಗೆ ಆಯಕಟ್ಟಿನ ಚಾವಡಿ, ಸುಂಕಕ್ಕೆ ಸುಂಕದ ಚಾವಡಿ ಏರ್ಪಟ್ಟವು. ಸೀಮೆಯ ಕಂದಾಚಾರದ ದಂಡಿಗೂ ರಾಜಧಾನಿಯ ಬಾಗಿಲಿನ ಕಾವಲಿಗೂ ಬೇರೆ ಬೇರೆ ಚಾವಡಿಗಳಿದ್ದವು. ದೇವಸ್ಥಾನ, ಕಬ್ಬಿಣ, ಹೊಗೆಸೊಪ್ಪುಗಳಿಗೂ ಒಂದೊಂದಿತ್ತು. ಮಧುಗಿರಿ, ಚೆನ್ನರಾಯನದುರ್ಗಗಳ ಸುತ್ತಮುತ್ತ ಹಳ್ಳದ ಕರಿಮರಳಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳು ಬಹುಕಾಲ ಉರಿಯುತ್ತಿದ್ದವೆಂಬುದನ್ನು ನೆನೆದರೆ, ಕಬ್ಬಿಣಕ್ಕೇ ಒಂದು ಚಾವಡಿ ಏಕೆಂಬುದು ತಿಳಿಯುತ್ತದೆ. ಅರಮನೆಯ ಹಸುಗಳನ್ನು ಸಾಕುವ ಬೆಣ್ಣೆ ಚಾವಡಿಯು ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು.

ಇವುಗಳಲ್ಲಿ ಬೇಹಿನ ಚಾವಡಿಯು ವಿಶೇಷವಾದುದು. ಅಂಚೆಯನ್ನು ಸಾಗಿಸುವುದು ಅದರ ಒಂದು ಕೆಲಸ. ಸೀಮೆಯಲ್ಲಿ ನಡೆಯುವುದನ್ನು ಗುಟ್ಟಾಗಿ ಅರಸರಿಗೆ ತಿಳಿಸುವುದು ಇನ್ನೊಂದು. ದೂರದ ಅಧಿಕಾರಿಯ ತಪ್ಪು ಇದರಿಂದ ಬಯಲಾಗುತ್ತಿತ್ತು. ಅರಸರ ವಿರುದ್ಧ ಬೇಸರದಿಂದ ಆಡಿದ ಮಾತೂ ಅದೇ ಅಂಚೆಯಲ್ಲಿ ರಾಜಧಾನಿಗೆ ಹೋಗಬಹುದಾಗಿತ್ತು.

1704ರ ನವೆಂಬರ್ 16ರಂದು ಚಿಕ್ಕದೇವರಾಜ ಒಡೆಯರು ಕಾಲವಾದರು. ಪಟ್ಟಕ್ಕೆ ಬಂದ ಅವರ ಮಗ ಕಂಠೀರವ ನರಸರಾಜರು ಹುಟ್ಟಿನಿಂದಲೇ ಕಿವುಡರೂ ಮೂಕರೂ ಆಗಿದ್ದರು. ಜನರು ಅವರನ್ನು ಮೂಕರಸು ಎಂದೇ ಕರೆದರು. ಆದರೂ ಅವರು 1714ರವರೆಗೆ ಸಿಂಹಾಸನದಲ್ಲಿದ್ದರು, ರಾಜ್ಯದ ಆಡಳಿತವೂ ನಡೆಯಿತು. ಅನಂತರ ಅಧಿಕಾರವು ಮೆಲ್ಲಮೆಲ್ಲನೆ ದಳವಾಯಿಗಳ ಕೈಗೆ ಜಾರಿತು. 1868ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಕೆಂಪು ಬಣ್ಣದ ದೊಡ್ಡ ಕಟ್ಟಡವು ಸಿದ್ಧವಾದಾಗ, ಅದಕ್ಕೂ ಅಠಾರಾ ಕಚೇರಿಯೆಂಬ ಹೆಸರೇ ಬಂದಿತು. ಇಂದು ಅಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವಿದೆ.